ಆಲದ ಜಿಂಕೆ ಟೆಂಟಿಗೆ ಬಂದದ್ದು



ದತ್ತಿ ಉಪನ್ಯಾಸವೆಂದರೆ ನಮ್ಮ ಹೊಸದುರ್ಗದ ಕಡೆ ವಚನ, ಇಲ್ಲವೆ ದಾಸರ ಪದ, ಅದೂ ತಪ್ಪಿದರೆ ದುರ್ಗದ ಪಾಳೆಯಗಾರರು. ಈ ಸಲ ಕರೆಯಲು ಬಂದವರು “ಮೇಷ್ಟ್ರೇ, ನಿಮಗೆ ಏನು ಗೊತ್ತೋ ಅದನ್ನೇ ಮಾತಾಡಿ” ಅಂದುಬಿಟ್ಟರು. ಮೂವತ್ತೆರಡು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನಿಗೆ ಗೊತ್ತಿರುವುದು ಪೆನ್ಸಿಲ್ಲು, ರಬ್ಬರು ಮತ್ತು ಹುಡುಗರು ಬರೆಯುವ ಐದು ಕಾಲಿನ ಹಸು. ಹಾಗಾಗಿ ಬರೆದ ಜಿಂಕೆಯೊಂದರ ಸಮಾಚಾರ ಇವತ್ತು ಹೇಳುತ್ತೇನೆ. 1957ರಲ್ಲಿ ಬೊಂಬಾಯಿಯಲ್ಲಿ ತಯಾರಾದ ‘ದಿ ಬ್ಯಾನ್ಯನ್ ಡಿಯರ್’ ಎಂಬ ಕಾರ್ಟೂನ್ ಚಿತ್ರದ ಜಿಂಕೆ ಅದು. ಅದನ್ನು ನಾನು ನೋಡಿದ್ದು ಟೆಂಟಿನಲ್ಲಿ.

1960ರ ದಶಕದ ಮೊದಲ ವರ್ಷಗಳು. ನಾನು ಪ್ರೈಮರಿ ಶಾಲೆಯ ಹುಡುಗ. ಸುಗ್ಗಿ ಮುಗಿದು ಕಣ ಖಾಲಿಯಾದ ಮೇಲೆ ಊರಾಚೆ ಟೆಂಟು ಏಳುತ್ತಿತ್ತು. ನೆಲ, ಬೆಂಚು, ಕುರ್ಚಿ ಅಂತ ಮೂರು ವರ್ಣ. ಲೌಡ್‌ಸ್ಪೀಕರಿನಲ್ಲಿ ಘಂಟಸಾಲರ ‘ನಮೋ ವೆಂಕಟೇಶ’ ಹತ್ತಿತೆಂದರೆ ಉಣ್ಣುತ್ತಿದ್ದವರು ಮುದ್ದೆ ಅರ್ಧಕ್ಕೆ ಬಿಟ್ಟು ಕೈ ತೊಳೆಯುತ್ತಿದ್ದರು. ಆದರೆ ಒಳಗೆ ಹೋದ ಕೂಡಲೇ ರಾಜಕುಮಾರ್ ಬರುತ್ತಿರಲಿಲ್ಲ. ಮೊದಲು ‘ಗೌರ್ಮೆಂಟ್ ಪಿಚ್ಚರ್ರು’. ಯಾವುದೋ ಅಣೆಕಟ್ಟೆಯ ಶಂಕುಸ್ಥಾಪನೆ, ಯಾವುದೋ ದೇಶದ ಅಧ್ಯಕ್ಷರಿಗೆ ಹಾರ, ಬಿಹಾರದಲ್ಲಿ ಪ್ರವಾಹ. ಗಂಡಸರಿಗೆ ಅದು ಬೀಡಿಯ ಹೊತ್ತು. ನೆಲದಲ್ಲಿ ಕೂತ ನಾವು ಮಕ್ಕಳು ಮತ್ತು ಜಾಗ ಹೋದೀತೆಂದು ಏಳದ ಹೆಂಗಸರು ಮಾತ್ರ ಅದನ್ನು ನೋಡುತ್ತಿದ್ದೆವು.

ಒಂದು ರಾತ್ರಿ ಅಣೆಕಟ್ಟೆಯ ಬದಲು ಜಿಂಕೆ ಬಂತು. ನಿಜವಾದದ್ದಲ್ಲ, ಬರೆದದ್ದು. ಬರೆದದ್ದು ಓಡಿತು. ಜಿಂಕೆಯ ದೊರೆ ತಾನಾಗಿಯೇ ಬಂದು ಅರಮನೆಯ ಅಡುಗೆಯವನ ಮುಂದೆ ಕತ್ತು ಇಡುವ ಹೊತ್ತಿಗೆ ಪಕ್ಕದಲ್ಲಿದ್ದ ನಮ್ಮಜ್ಜಿ ಸೆರಗು ಬಾಯಿಗೆ ಹಿಡಿದು, “ಇದು ನಮ್ಮ ಪುಣ್ಯಕೋಟಿ ಕಣೋ, ಯಾರೋ ಹಸೂನ ಜಿಂಕೆ ಮಾಡ್ಯಾರೆ” ಅಂದಳು. ಅಷ್ಟರಲ್ಲಿ ಬೀಡಿ ಸೇದಿ ಬಂದವರ ತಲೆಗಳು ಪರದೆಗೆ ಅಡ್ಡ ಬಂದವು. ಆ ಚಿತ್ರಕ್ಕೊಂದು ಹೆಸರಿದೆ, ಅದನ್ನು ಮಾಡಿದವರಿದ್ದಾರೆ ಅನ್ನುವುದು ನನಗೆ ತಿಳಿದದ್ದು ಮೇಷ್ಟ್ರಾಗಿ ಎಷ್ಟೋ ವರ್ಷದ ಮೇಲೆ.

ಆ ರೀಲು ನಮ್ಮೂರಿಗೆ ಬಂದದ್ದು ಟೆಂಟಿನ ಯಜಮಾನನ ಧರ್ಮಬುದ್ಧಿಯಿಂದಲ್ಲ. ಸಿನಿಮಾ ಮಂದಿರದ ಲೈಸೆನ್ಸಿನಲ್ಲೇ ಒಂದು ಷರತ್ತಿತ್ತು: ಪ್ರತಿ ಆಟದಲ್ಲೂ ಸರ್ಕಾರ ಒಪ್ಪಿದ ಕಿರುಚಿತ್ರಗಳನ್ನು, 2,000 ಅಡಿ ಮೀರದ ಹಾಗೆ, ತೋರಿಸಲೇಬೇಕು. ತೋರಿಸಿದ್ದಕ್ಕೆ ಬಾಡಿಗೆಯನ್ನೂ ಯಜಮಾನನೇ ಕಟ್ಟಬೇಕು. ಬೆಂಗಳೂರಿನ ದೊಡ್ಡ ಥಿಯೇಟರಿಗೂ ಅದೇ ಕಾನೂನು, ಹೊಸದುರ್ಗದ ಹರುಕು ಟೆಂಟಿಗೂ ಅದೇ. ಈ ಚಿತ್ರಗಳನ್ನು ಮಾಡಿ, ಕನ್ನಡವೂ ಸೇರಿ ಹಲವು ಭಾಷೆಯ ವಿವರಣೆ ಕೂಡಿಸಿ, ದೇಶದ ಮೂಲೆಮೂಲೆಗೆ ಕಳಿಸುತ್ತಿದ್ದದ್ದು 1948ರಲ್ಲಿ ಹುಟ್ಟಿದ ಫಿಲ್ಮ್ಸ್ ಡಿವಿಷನ್. ಅದರ ಮೊದಲ ಮುಖ್ಯ ನಿರ್ಮಾಪಕರು ಮೋಹನ್ ಭವನಾನಿ. ಈ ಹೆಸರು ಕನ್ನಡಿಗರು ಮರೆಯಬಾರದ್ದು. ಕೈಲಾಸಂ ಮತ್ತು ಕಮಲಾದೇವಿ ಚಟ್ಟೋಪಾಧ್ಯಾಯ ಬಣ್ಣ ಹಚ್ಚಿದ ಮೂಕಿ ಚಿತ್ರ ‘ವಸಂತಸೇನಾ’ ಇವರದೇ.

ಡಿವಿಷನ್ನಿನೊಳಗೆ ಕಾರ್ಟೂನ್ ವಿಭಾಗ ಶುರುವಾದದ್ದು 1956ರಲ್ಲಿ. ಕಲಿಸಲು ಬಂದವರು ಅಮೆರಿಕದ ಕ್ಲೇರ್ ವೀಕ್ಸ್. ಅವರು ಡಿಸ್ನಿ ಸ್ಟುಡಿಯೋದಲ್ಲಿ ಕೆಲಸ ಮಾಡಿದವರು, ‘ಬ್ಯಾಂಬಿ’ ಚಿತ್ರದಲ್ಲಿ ಕೈಯಾಡಿಸಿದವರು. ಅಮೆರಿಕದ ತಾಂತ್ರಿಕ ಸಹಕಾರ ಮಿಷನ್ ಅವರನ್ನು ಕಳಿಸಿಕೊಟ್ಟಿತು. ಆ ವರ್ಷವೇ ಅಮೆರಿಕದ ಗೋಧಿಗೂ ನಮಗೂ ಪಿ.ಎಲ್. 480ರ ಒಪ್ಪಂದವಾಯಿತು. ಗೋಧಿ, ಹಾಲಿನ ಪುಡಿ ಬಂದ ದಾರಿಯಲ್ಲೇ ಕಾರ್ಟೂನ್ ವಿದ್ಯೆಯೂ ಬಂತು ಅನ್ನಬಹುದು. ಹಾಲಿನ ಪುಡಿಯನ್ನು ನಾವು ಬೈದುಕೊಂಡು ಕುಡಿದೆವು, ಕಾರ್ಟೂನನ್ನು ಬೀಡಿ ಸೇದುತ್ತ ತಪ್ಪಿಸಿಕೊಂಡೆವು.

‘ಬ್ಯಾಂಬಿ’ 1942ರ ಚಿತ್ರ. ಅದಕ್ಕಾಗಿ ಡಿಸ್ನಿಯವರು ಎರಡು ಜಿಂಕೆಮರಿ ತರಿಸಿ ಸ್ಟುಡಿಯೋದಲ್ಲೇ ಸಾಕಿದ್ದರು. ಕಲಾವಿದರು ಅವುಗಳ ಎಲುಬು, ಕೀಲು, ಸ್ನಾಯು ಹಿಡಿದು ಅಭ್ಯಾಸ ಮಾಡಿದ್ದರು. ಅಂಥ ಗರಡಿಯಲ್ಲಿ ಪಳಗಿದವರು ಬೊಂಬಾಯಿಗೆ ಬಂದಾಗ ಮೊದಲ ಪಾಠಕ್ಕೆ ಸಿಕ್ಕಿದ್ದು ಇನ್ನೊಂದು ಜಿಂಕೆ, ಬುದ್ಧನ ಜಾತಕದ್ದು. ಪಾಳಿಯಲ್ಲಿ ಅದು ‘ನಿಗ್ರೋಧಮಿಗ ಜಾತಕ’. ನ್ಯಗ್ರೋಧವೆಂದರೆ ನಮ್ಮ ಆಲ. ಕಾಶಿಯ ರಾಜನಿಗೆ ದಿನವೂ ಜಿಂಕೆಯ ಮಾಂಸ ಬೇಕು. ಬೇಟೆಯ ಗಲಾಟೆಯಲ್ಲಿ ಹಿಂಡೆಲ್ಲ ನಲುಗುವುದಕ್ಕಿಂತ ದಿನಕ್ಕೊಂದು ಜಿಂಕೆ ಸರದಿಯಂತೆ ಹೋಗಿ ಸಾಯುವುದೆಂದು ಎರಡು ಹಿಂಡುಗಳ ದೊರೆಗಳು ಒಪ್ಪುತ್ತವೆ. ಒಂದು ದಿನ ಸರದಿ ಗಬ್ಬದ ಜಿಂಕೆಯ ಮೇಲೆ ಬೀಳುತ್ತದೆ. ಅದರ ದೊರೆಯ ಹೆಸರು ಶಾಖ, ಅಂದರೆ ಕೊಂಬೆ. ನಿಯಮ ನಿಯಮವೇ ಎಂದು ಅವನು ಕೈಚೆಲ್ಲುತ್ತಾನೆ. ಇನ್ನೊಂದು ಹಿಂಡಿನ ದೊರೆ, ಆಲ, ಅವಳ ಬದಲಿಗೆ ತಾನೇ ಹೋಗಿ ಕೊರಳೊಡ್ಡುತ್ತಾನೆ. ರಾಜ ಮನಸೋತು ಮೊದಲು ಅವರಿಬ್ಬರಿಗೆ, ಆಮೇಲೆ ಎಲ್ಲ ಜಿಂಕೆಗಳಿಗೆ, ಕೊನೆಗೆ ಹಕ್ಕಿ ಮೀನುಗಳಿಗೂ ಅಭಯ ಕೊಡುತ್ತಾನೆ. ಆ ದೊರೆ ರಾಜನೊಡನೆ ಅಭಯವನ್ನು ಒಂದೊಂದೇ ಮೆಟ್ಟಿಲಾಗಿ ಚೌಕಾಸಿ ಮಾಡಿ ಕೇಳುವ ಜಾಣತನ ನನಗೆ ಬಲು ಇಷ್ಟ. ಪುಣ್ಯಕೋಟಿ ಅಷ್ಟು ಮಾತಾಡುವವಳಲ್ಲ. ಕೊಟ್ಟ ಮಾತಿಗೆ ಹೋಗಿ ನಿಂತಳು, ಮುಗಿಯಿತು. ಆದರೂ ನಮ್ಮಜ್ಜಿ ಗುರುತು ಹಿಡಿದದ್ದು ತಪ್ಪಲ್ಲ.

ಈಗ ಕೈಕೆಲಸಕ್ಕೆ ಬರೋಣ. ನನ್ನ ಮಟ್ಟಿಗೆ ಇವತ್ತಿನ ಮಾತಿನ ತಿರುಳು ಇದೇ.

35 ಎಂ.ಎಂ. ಫಿಲ್ಮಿನ ಒಂದು ಅಡಿಯಲ್ಲಿ 16 ಚೌಕ. ಸೆಕೆಂಡಿಗೆ 24 ಚೌಕ ಓಡಬೇಕು, ಅಂದರೆ ನಿಮಿಷಕ್ಕೆ 90 ಅಡಿ, 1,440 ಚೌಕ. ಕಾರ್ಟೂನಿನವರು ಒಂದು ಚಿತ್ರವನ್ನು ಎರಡು ಸಲ ಕ್ಲಿಕ್ಕಿಸಿ ಅರ್ಧ ಕೂಲಿ ಉಳಿಸುತ್ತಾರೆ. ಆದರೂ ನಿಮಿಷಕ್ಕೆ 720 ಭಂಗಿ ಬೇಕೇ ಬೇಕು. ಎರಡು ಜಿಂಕೆ ಬೇರೆ ಬೇರೆ ಓಡಿದರೆ ಲೆಕ್ಕ ಎರಡು ಪಟ್ಟು. ಹಿಂಡೇ ಓಡಿದರೆ ದೇವರೇ ಗತಿ. ಜಾತಕದ ಎರಡು ಹಿಂಡಿನಲ್ಲಿ ಐನೂರೈನೂರು ಜಿಂಕೆಗಳಿದ್ದವಂತೆ. ಕಥೆ ಹೇಳಿದವರೇನೋ ಸಲೀಸಾಗಿ ಹೇಳಿದರು, ಬರೆಯುವವನ ಪಾಡು ಅವರಿಗೇನು ಗೊತ್ತು?

ಈ ಕೂಲಿಯನ್ನು ಹೆಚ್ಚುಕಡಿಮೆ ಒಬ್ಬನೇ ಹೊತ್ತ ಪುಣ್ಯಾತ್ಮನೊಬ್ಬನಿದ್ದ, ಅಮೆರಿಕದ ವಿನ್ಸರ್ ಮೆಕೇ. 1914ರ ಫೆಬ್ರವರಿಯಲ್ಲಿ ಶಿಕಾಗೋದ ರಂಗಮಂದಿರದಲ್ಲಿ ಅವನು ತೋರಿಸಿದ ‘ಗರ್ಟಿ’ ಎಂಬ ಡೈನೋಸಾರ್ ಈ ಕಲೆಯ ಹಿರಿಯಜ್ಜಿ. ಸಾಣೇಹಳ್ಳಿಯ ನಾಟಕೋತ್ಸವಕ್ಕೆ ಹೋಗಿ ಅಭ್ಯಾಸವಿರುವ ನಿಮಗೆ ಅದರ ಸೊಗಸು ಬೇಗ ಹಿಡಿಸುತ್ತದೆ. ಮೆಕೇ ಚಾವಟಿ ಹಿಡಿದು ರಂಗದ ಮೇಲೆ ನಿಲ್ಲುತ್ತಿದ್ದ, ಪರದೆಯ ಮೇಲಿನ ಗರ್ಟಿಯನ್ನು ಹೆಸರಿಟ್ಟು ಕರೆಯುತ್ತಿದ್ದ, ಕಾಲೆತ್ತು ಅನ್ನುತ್ತಿದ್ದ, ಗದರುತ್ತಿದ್ದ, ಅವಳು ಅಳುತ್ತಿದ್ದಳು. ನಮ್ಮ ಮೂಡಲಪಾಯದ ಸಾರಥಿ ಬಣ್ಣದ ವೇಷವನ್ನು ಕೆಣಕಿ ಮಾತಾಡಿಸುವ ಹಾಗೆ. ಆಟದ ಕೊನೆಗೆ ಮೆಕೇ ಪರದೆಯ ಹಿಂದೆ ಸರಿದರೆ, ಅದೇ ಗಳಿಗೆಗೆ ಬರೆದ ಮೆಕೇ ಒಬ್ಬ ಪರದೆಯೊಳಗೆ ಬಂದು ಗರ್ಟಿಯ ಬೆನ್ನೇರಿ ಹೊರಟುಹೋಗುತ್ತಿದ್ದ. ಅವನಿಗೆ ಸಂಬಳ ಕೊಡುತ್ತಿದ್ದ ಪತ್ರಿಕೆಯ ಧಣಿ ಹರ್ಸ್ಟ್, ನೌಕರ ನಾಟಕದ ಕಡೆಗೆ ವಾಲುವುದು ಸಹಿಸದೆ, ಹೊರಗಿನ ಪ್ರದರ್ಶನಕ್ಕೆ ಅಡ್ಡ ಬಂದ. ಆಗ ಸಿನಿಮಾ ವ್ಯಾಪಾರಿ ವಿಲಿಯಂ ಫಾಕ್ಸ್ ಆ ಚಿತ್ರವನ್ನು ಕೊಂಡು, ಮೆಕೇ ಗೆಳೆಯರೊಡನೆ ಪಂದ್ಯ ಕಟ್ಟುವ ಮುನ್ನುಡಿ ಸೇರಿಸಿ, ಅದೇ ವರ್ಷದ ಕೊನೆಗೆ ಥಿಯೇಟರುಗಳಿಗೆ ಬಿಟ್ಟ.

ಮೆಕೇ ಹೇಳಿಕೊಳ್ಳುತ್ತಿದ್ದ ಲೆಕ್ಕ 10,000 ಚಿತ್ರಗಳದ್ದು. ಗರ್ಟಿ ಉಸಿರಾಡುವಾಗ ಮೈ ಎಷ್ಟು ಹೊತ್ತಿಗೆ ಉಬ್ಬಬೇಕು, ಎಷ್ಟು ಹೊತ್ತಿಗೆ ಇಳಿಯಬೇಕು ಅನ್ನುವುದಕ್ಕೆ ಅವನು ಗಡಿಯಾರ ಹಿಡಿದು ತನ್ನ ಉಸಿರನ್ನೇ ಅಳೆದ. ಚಲನೆಯ ಎರಡು ಕೊನೆಗಳನ್ನು ಮೊದಲು ಬರೆದು, ಆಮೇಲೆ ಅವುಗಳ ನಟ್ಟನಡು, ಆಮೇಲೆ ಆ ಅರ್ಧಗಳ ನಡು, ಹೀಗೆ ತುಂಬುತ್ತ ಹೋದ. ರಂಗೋಲಿಗೆ ಮೊದಲು ಚುಕ್ಕಿ, ಆಮೇಲೆ ಎಳೆ, ಆ ಕ್ರಮ. ಎಲ್ಲಕ್ಕಿಂತ ಹೊಟ್ಟೆ ಉರಿಯುವ ಸಂಗತಿ ಬೇರೆ. ಹಿಂದಿನ ಗುಡ್ಡ, ಕೆರೆ, ಮರ ಅಲ್ಲಾಡುವುದಿಲ್ಲ. ಆದರೂ ಅವನ್ನು ಒಂದೊಂದು ಹಾಳೆಯಲ್ಲೂ ಹೊಸದಾಗಿ ನಕಲು ತೆಗೆಯಬೇಕಿತ್ತು. ಅದಕ್ಕಾಗಿ ಜಾನ್ ಫಿಟ್ಜ್‌ಸಿಮನ್ಸ್ ಎಂಬ ಹುಡುಗನನ್ನು ಕೂರಿಸಿದ್ದ. ಗರ್ಟಿಯ ಹೆಸರು ಲೋಕಕ್ಕೆಲ್ಲ ಗೊತ್ತು. ಅದೇ ಗುಡ್ಡವನ್ನು ಸಾವಿರಾರು ಸಲ ಬರೆದ ಆ ಹುಡುಗನ ಬೆರಳಿಗೆ ನನ್ನದೊಂದು ಕೈಮುಗಿತ.

ಆ ಕಷ್ಟ ತಪ್ಪಿಸಿದ್ದು ಸೆಲ್, ಅಂದರೆ ಪಾರದರ್ಶಕ ಹಾಳೆ. ಅದರ ಪೇಟೆಂಟು ಅರ್ಲ್ ಹರ್ಡ್ ಎಂಬಾತನದು, 1914-15ರದ್ದು. ಜಿಂಕೆಯನ್ನು ಮಾತ್ರ ಸೆಲ್ ಮೇಲೆ ಬರೆದು, ಒಮ್ಮೆ ಬರೆದ ಕಾಡಿನ ಮೇಲೆ ಇಟ್ಟರೆ ಆಯಿತು. ಇದರಿಂದ ಕೆಲಸ ಕಾರ್ಖಾನೆಯ ರೂಪ ತಾಳಿತು: ಮುಖ್ಯ ಭಂಗಿ ಒಬ್ಬ, ನಡುವಿನ ಭಂಗಿ ಇನ್ನೊಬ್ಬ, ಸೆಲ್ ಮೇಲೆ ಗೆರೆ ಎಳೆಯುವವರು ಕೆಲವರು, ಹಿಂಬದಿಗೆ ಬಣ್ಣ ತುಂಬುವವರು ಕೆಲವರು, ಹಿನ್ನೆಲೆಗೆ ಬೇರೆ, ಕ್ಯಾಮೆರಾಕ್ಕೆ ಬೇರೆ. ವೀಕ್ಸ್ ಬೊಂಬಾಯಿಗೆ ಹೊತ್ತು ತಂದದ್ದು ಈ ಕಾರ್ಖಾನೆಯ ಶಿಸ್ತನ್ನು. ಹಾಳೆಯ ಅಂಚಿನ ತೂತು ಮೇಜಿನ ಮೊಳೆಗೆ ಕೂತರೆ ಸಾವಿರದ ಹಾಳೆಯೂ ಮೊದಲ ಹಾಳೆಯ ಜಾಗದಲ್ಲೇ ಇರುತ್ತದೆ. ತೂತು ಕೂದಲೆಳೆಯಷ್ಟು ಸಡಿಲವಾದರೆ ಪರದೆಯ ಮೇಲೆ ಜಿಂಕೆಗೆ ಚಳಿಜ್ವರ.

ವೀಕ್ಸ್ ಬರುವುದಕ್ಕೆ ಮುಂಚೆ ನಮ್ಮವರಿಗೆ ಏನೂ ಗೊತ್ತಿರಲಿಲ್ಲ ಅಂತಲ್ಲ. 1912ರಲ್ಲಿ, ‘ರಾಜಾ ಹರಿಶ್ಚಂದ್ರ’ಕ್ಕೂ ಮೊದಲು, ದಾದಾಸಾಹೇಬ್ ಫಾಲ್ಕೆ ಕುಂಡದಲ್ಲಿ ಬಟಾಣಿ ಬೀಜ ಹಾಕಿ, ಬಿಟ್ಟು ಬಿಟ್ಟು ಒಂದೊಂದೇ ಚೌಕದಂತೆ ಚಿತ್ರ ತೆಗೆದು, ಗಿಡ ಕಣ್ಣೆದುರೇ ಸರಸರ ಬೆಳೆಯುವ ಒಂದು ನಿಮಿಷದಷ್ಟು ಫಿಲ್ಮು ಮಾಡಿದರು. ಸಾಲ ಕೊಡುವವರನ್ನು ಒಪ್ಪಿಸಲು ಮಾಡಿದ್ದು, ಒಪ್ಪಿಸಿತು ಕೂಡ. 1915ರಲ್ಲಿ ಬೆಂಕಿಕಡ್ಡಿಗಳನ್ನು ಕುಣಿಸಿದರು. 1934ರ ಜೂನ್ 23ರಂದು ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆ ಗುಣಮಯ ಬ್ಯಾನರ್ಜಿಯವರ ‘ದಿ ಪೀ ಬ್ರದರ್ಸ್’ ಬಿಡುಗಡೆ ಮಾಡಿತು. ಥಿಯೇಟರಿಗೆ ಬಂದ ನಮ್ಮ ದೇಶದ ಮೊದಲ ಕಾರ್ಟೂನ್ ಎಂದು ಹೇಳುವುದು ಅದನ್ನೇ. ಅದರಲ್ಲೂ ಬಟಾಣಿ! ಅವರೇಕಾಯಿ ನಾಡಿನವರಾದ ನಮಗೆ ಸ್ವಲ್ಪ ಅಸೂಯೆ ಆದರೂ ತಡೆದುಕೊಳ್ಳೋಣ. 1939ರಲ್ಲಿ ಜಿ.ಕೆ. ಗೋಖಲೆ ‘ಸೂಪರ್‌ಮ್ಯಾನ್ಸ್ ಮಿಥ್’ ಮಾಡಿದರು. ಇವೆಲ್ಲ ಒಂಟಿ ಎತ್ತಿನ ಬೇಸಾಯ. ಕಲಿತವನು ಇನ್ನೊಬ್ಬನಿಗೆ ಕಲಿಸಿ, ಅವನು ಮತ್ತೊಬ್ಬನಿಗೆ ಕಲಿಸುವ ಪಡಸಾಲೆ ಇರಲಿಲ್ಲ. 1956ರಲ್ಲಿ ಕಟ್ಟಿದ್ದು ಆ ಪಡಸಾಲೆ.

ಇನ್ನು ಅಜಂತಾದ ಮಾತು. ಜಾತಕದ ಕಥೆಯಾದ್ದರಿಂದ ಚಿತ್ರಕ್ಕೆ ಅಜಂತಾದ ಭಿತ್ತಿಚಿತ್ರಗಳ ಶೈಲಿ ಆರಿಸಿಕೊಂಡರು. ಕೇಳಲು ಇದು ಬಹಳ ಸಹಜ. ಮೇಷ್ಟ್ರ ಕಣ್ಣಿನಿಂದ ನೋಡಿದರೆ ಇದಕ್ಕಿಂತ ಕಷ್ಟದ ಆಯ್ಕೆ ಇಲ್ಲ. ಅಜಂತಾದ ಗೆರೆ ಒಂದೇ ದಪ್ಪದ್ದಲ್ಲ. ಭುಜದ ತಿರುವಿನಲ್ಲಿ ಉಬ್ಬಿ, ಮಣಿಕಟ್ಟಿಗೆ ಬರುವಷ್ಟರಲ್ಲಿ ಎಳೆಯಾಗಿ, ಬೆರಳ ತುದಿಯಲ್ಲಿ ಇದೆಯೋ ಇಲ್ಲವೋ ಅನ್ನಿಸುತ್ತದೆ. ಮೈಯ ದುಂಡುತನವೆಲ್ಲ ಆ ಒಂದು ಗೆರೆಯಲ್ಲೇ ಇದೆ. ಸೆಲ್ ಕೆಲಸಕ್ಕೆ ಬೇಕಾದದ್ದು ಇದಕ್ಕೆ ಪೂರಾ ಉಲ್ಟಾ. ಐದಾರು ಜನ ಎಳೆಯುವ ಗೆರೆ ಒಬ್ಬನೇ ಎಳೆದಂತಿರಬೇಕು. ಒಂದು ಹಾಳೆಯಲ್ಲಿ ಉಬ್ಬಿದ ಗೆರೆ ಮುಂದಿನದರಲ್ಲಿ ಅಷ್ಟೇ, ಅಲ್ಲೇ ಉಬ್ಬದಿದ್ದರೆ ಪರದೆಯ ಮೇಲೆ ಅದು ಕುದಿಯುವ ಎಸರಿನಂತೆ ತಳಮಳಿಸುತ್ತದೆ. ಹಾಗಾಗಿ ಕಾರ್ಟೂನಿನವರು ತಂತಿಯಂಥ ಒಂದೇ ದಪ್ಪದ ಗೆರೆಗೆ ಒಗ್ಗಿಕೊಳ್ಳುತ್ತಾರೆ. ಜೊತೆಗೆ ಡಿಸ್ನಿಯ ಜಿಂಕೆಗೆ ತೂಕವಿದೆ. ಕಾಲೂರಿದಾಗ ಮೈ ಕುಸಿದು ಮೇಲೆದ್ದೀತು. ಅಜಂತಾದ ಪ್ರಾಣಿ ಭೂಮಿಗೆ ಭಾರವಾಗದಂತೆ ಗೋಡೆಯಲ್ಲಿ ತೇಲುತ್ತಿರುತ್ತದೆ. ಈ ಎರಡನ್ನೂ ಒಂದೇ ಜಿಂಕೆಯಲ್ಲಿ ಕೂಡಿಸಲು ಹೊರಟವರ ಧೈರ್ಯವನ್ನು ಮೆಚ್ಚುತ್ತೇನೆ. ಪೂರ್ತಿ ಕೂಡಿತು ಎಂದು ಮಾತ್ರ ನಾನು ಹೇಳಲಾರೆ.

ಅಜಂತಾದಲ್ಲೇ ಇದಕ್ಕೊಂದು ಬೇರೆ ಪಾಠವಿತ್ತು. ಒಂದನೆಯ ಗುಹೆಯ ಕಂಬವೊಂದರ ತಲೆಕಟ್ಟಿನಲ್ಲಿ ನಾಲ್ಕು ಜಿಂಕೆಗಳ ಕೆತ್ತನೆಯಿದೆ. ಮೈ ನಾಲ್ಕು, ತಲೆ ಒಂದೇ. ಯಾವ ಮೈಯಿಂದ ಕಣ್ಣು ಹೊರಟರೂ ಅದೇ ತಲೆಗೆ ಬಂದು ಸೇರುತ್ತದೆ. ಅಷ್ಟು ದೂರ ಹೋಗಲಾರದವರು ಲೇಪಾಕ್ಷಿಗೆ ಹೋಗಿ ಬನ್ನಿ. ಅಲ್ಲಿ ಒಂದೇ ಮೈಗೆ ಮೂರು ತಲೆಯ ಹಸುವಿದೆ. ಅಂಗೈಯಿಂದ ಎರಡು ತಲೆ ಮುಚ್ಚಿದರೆ ಒಂದು ಭಂಗಿ; ಅಂಗೈ ಸರಿಸಿದರೆ ಇನ್ನೊಂದು. ಕಲ್ಲುಕುಟಿಗನಿಗೆ ಪ್ರೊಜೆಕ್ಟರು ಇರಲಿಲ್ಲ, ನೋಡುವವನ ಕೈಯನ್ನೇ ಪ್ರೊಜೆಕ್ಟರು ಮಾಡಿಕೊಂಡ. ತೊಗಲುಗೊಂಬೆಯವರು ಒಂದೇ ಪಾತ್ರಕ್ಕೆ ಬೇರೆ ಬೇರೆ ಭಾವದ ಗೊಂಬೆಗಳನ್ನು ಇಟ್ಟುಕೊಂಡು ದೀಪದ ಮುಂದೆ ಬದಲಿಸುತ್ತಿದ್ದದ್ದೂ ಇದೇ ಜಾತಿಯ ಉಪಾಯ. ಅಲ್ಲಿ ನಡುವಿನ ಭಂಗಿಗಳನ್ನು ತುಂಬಿಕೊಳ್ಳುವವರು ನಾವು.

ಈ ಮಾತು ಆ ಕಾಲದಲ್ಲಿ ಫಿಲ್ಮ್ಸ್ ಡಿವಿಷನ್ನಿನೊಳಗೇ ಒಬ್ಬರಿಗೆ ಹೊಳೆದಿರಬೇಕು. ಜೆಹಾಂಗೀರ್ ಭೌನಗರಿ ಅದೇ ಆಸುಪಾಸಿನಲ್ಲಿ ‘ರಾಧಾ ಅಂಡ್ ಕೃಷ್ಣ’ ಮಾಡಿದರು. ಅಲ್ಲಿ ಯಾರೂ ಕೈಕಾಲು ಆಡಿಸುವುದಿಲ್ಲ. ಪಹಾಡಿ ಚಿಕಣಿ ಚಿತ್ರಗಳ ಮೇಲೆ ಕ್ಯಾಮೆರಾ ಮಾತ್ರ ಮೆಲ್ಲಗೆ ಸರಿಯುತ್ತದೆ. ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ, ಮೋಡದಿಂದ ಮರಕ್ಕೆ. ಬರೆದವನ ಗೆರೆಗೆ ಒಂದಿಷ್ಟೂ ಪೆಟ್ಟಿಲ್ಲ. ನನ್ನನ್ನು ಕೇಳಿದರೆ ಭಾರತದ ಚಿತ್ರಕ್ಕೆ ಹತ್ತಿರದ ದಾರಿ ಅದು. ಆದರೆ ಜಿಂಕೆಯ ಕಾಲು ಬರೆದು ಬರೆದು ಕಲಿತವನ ಕೈಗೆ ಬರುವ ಶಕ್ತಿ ಅದರಿಂದ ಬರುವುದಿಲ್ಲ.

ಆ ಶಕ್ತಿ ಯಾರಿಗೆ ಬಂತು ಅನ್ನುವುದಕ್ಕೆ ಒಂದೇ ಹೆಸರು ಸಾಕು, ರಾಮ್ ಮೋಹನ್. ಮದರಾಸಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದ ಯುವಕ ಅದನ್ನು ಬಿಟ್ಟು 1956ರಲ್ಲಿ ಈ ವಿಭಾಗ ಸೇರಿದರು. ವೀಕ್ಸ್ ಹಿಂತಿರುಗಿದ ಮೇಲೂ ಇವರು ಬರೆಯುತ್ತ ಹೋದರು. ಸರ್ಕಾರದ ಸಂದೇಶದ ಚಿತ್ರಗಳು, ಆಮೇಲೆ ಸ್ವಂತ ಸಂಸ್ಥೆ. ಸತ್ಯಜಿತ್ ರಾಯ್ ಅವರ ‘ಶತರಂಜ್ ಕೆ ಖಿಲಾಡಿ’ಯಲ್ಲಿ ಡಾಲ್‌ಹೌಸಿ ರಾಜ್ಯಗಳನ್ನು ನುಂಗುವ ಕಾರ್ಟೂನ್ ತುಣುಕು ನೆನಪಿದೆಯಲ್ಲ, ಆ 1977ರ ಕೆಲಸದಲ್ಲಿ ಇವರ ಕೈಯಿದೆ. 1992ರಲ್ಲಿ ಜಪಾನಿನ ಯುಗೋ ಸಾಕೋ ಜೊತೆ ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ ಮಾಡಿದರು. 2014ರಲ್ಲಿ ಪದ್ಮಶ್ರೀ ಬಂತು, 2019ರಲ್ಲಿ ತೀರಿಕೊಂಡರು. ‘ಆಲದ ಜಿಂಕೆ’ ದೊಡ್ಡ ಕೃತಿ ಹೌದೋ ಅಲ್ಲವೋ, ಅದು ಈ ಕೈಗಳ ಮಗ್ಗಿಪುಸ್ತಕವಾಯಿತು. ಮಗ್ಗಿಯನ್ನು ಯಾರೂ ಕಾವ್ಯವೆಂದು ಹೊಗಳುವುದಿಲ್ಲ. ಅದಿಲ್ಲದೆ ಯಾವ ಲೆಕ್ಕವೂ ಮುಂದೆ ಹೋಗದು.

ಫಿಲ್ಮ್ಸ್ ಡಿವಿಷನ್ ಈಗ ಬೇರೆ ಸಂಸ್ಥೆಯೊಳಗೆ ಸೇರಿಹೋಗಿದೆ. ಅದರ ಪೆಡ್ಡರ್ ರಸ್ತೆಯ ಅಂಗಳದಲ್ಲಿ 2019ರಿಂದ ಸಿನಿಮಾ ಮ್ಯೂಸಿಯಂ ಇದೆ. ನಮ್ಮಜ್ಜಿಯ ಪುಣ್ಯಕೋಟಿಗೂ ಕಡೆಗೆ ಕಾಲ ಬಂತು. ಬೆಂಗಳೂರಿನ ರವಿಶಂಕರ್ ವಿ. ಜನರಿಂದ ಚಂದಾ ಎತ್ತಿ ಅದನ್ನು ಕಾರ್ಟೂನ್ ಚಿತ್ರ ಮಾಡಿದರು, 2020ರಲ್ಲಿ ಬಿಡುಗಡೆಯಾಯಿತು. ಭಾಷೆ ಮಾತ್ರ ಸಂಸ್ಕೃತ! ಅಜ್ಜಿ ಇದ್ದಿದ್ದರೆ ಹಸುವಿನ ಬಾಯಲ್ಲಿ ಮಂತ್ರ ಹೇಳಿಸ್ಯಾರೆ ಅನ್ನುತ್ತಿದ್ದಳು.

ಹೊತ್ತಾಯಿತು, ಒಂದು ಸಂಗತಿ ಹೇಳಿ ಕೂರುತ್ತೇನೆ. ನಿವೃತ್ತಿಗೆ ಎರಡು ವರ್ಷವಿದ್ದಾಗ ಎಂಟನೇ ತರಗತಿಯ ಮಕ್ಕಳಿಂದ ಇಪ್ಪತ್ತನಾಲ್ಕು ಹಾಳೆಯಲ್ಲಿ ಪುಣ್ಯಕೋಟಿ ಓಡುವುದನ್ನು ಬರೆಸಿದೆ. ತಲೆಗೊಂದು ಹಾಳೆ. ಕಿಟಕಿಯ ಗಾಜಿಗೆ ಒತ್ತಿ ಹಿಡಿದು ಹಿಂದಿನದರ ಮೇಲೆ ನಕಲು ತೆಗೆಯುವುದು. ಕಾಲು ಮಾತ್ರ ಒಂದು ನೂಲು ಮುಂದೆ. ಎಲ್ಲ ಸೇರಿಸಿ ದಾರ ಹೊಲಿದು ಹೆಬ್ಬೆರಳಿನಿಂದ ಸರ್ರನೆ ಬಿಟ್ಟರೆ ಹಸು ಚೆನ್ನಾಗಿಯೇ ಓಡುತ್ತಿತ್ತು, ಆದರೆ ನಡುವೆ ಒಂದು ಕಡೆ ಎಗರುತ್ತಿತ್ತು. “ಸಾ, ಹಸು ಹಳ್ಳ ದಾಟ್ತು” ಎಂದ ಒಬ್ಬ. ಎಣಿಸಿದರೆ ಇಪ್ಪತ್ತಮೂರು. ಹದಿನೇಳನೆಯದು ಇಲ್ಲ. ಎಲ್ಲರ ಚೀಲ ಜಾಲಾಡಿದ್ದಾಯಿತು. ಮಾರನೆಯ ದಿನ ಒಬ್ಬ ಹುಡುಗಿ ತಾನಾಗಿ ತಂದು ಮೇಜಿನ ಮೇಲಿಟ್ಟಳು. ಅವಳದೇ ಹಾಳೆ. ಅದರಲ್ಲಿ ಹಸುವಿನ ನಾಲ್ಕೂ ಕಾಲು ನೆಲ ಬಿಟ್ಟಿದ್ದವು. ಅವಳಿಗೆ ಅದು ಬಹಳ ಚಂದ ಕಂಡು, ಬೇರೆಯವರ ನಡುವೆ ಸೇರಿಸಲು ಮನಸ್ಸು ಬಾರದೆ, ಪಾಠದ ಪುಸ್ತಕದೊಳಗೆ ಇಟ್ಟುಕೊಂಡಿದ್ದಳು. ಅದನ್ನು ಅವಳಿಗೇ ಬಿಟ್ಟುಕೊಟ್ಟು, ಹದಿನಾರು ಹದಿನೆಂಟರ ನಡುವೆ ಇನ್ನೊಂದು ಬರೆಸಿದೆ. ಹೊಸದರಲ್ಲಿ ಕೊಂಬು ಎಳ್ಳಷ್ಟು ಉದ್ದವಾಯಿತು. ಈಗಲೂ ಪುಸ್ತಕ ತಿರುವಿದರೆ ಹಸು ಎಗರುವುದಿಲ್ಲ; ಆ ಜಾಗಕ್ಕೆ ಬಂದಾಗ ಕೊಂಬು ಮಾತ್ರ ಒಮ್ಮೆ ಮಿಂಚಿ ಹೋಗುತ್ತದೆ.